ಪಿತ್ತಕೋಶದ ಹತ್ತಿರದ ನಾಳಗಳು ಎಲ್ಲರಲ್ಲೂ ಒಂದೇ ಥರ ಇರಲ್ವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಪಿತ್ತಕೋಶದ ಕಲ್ಲಿಗೆ ಅಂತ ಬಂದವರು, ಅವರ ಮನೆಯವರು, ಪತ್ರ ಬರೆದವರು, ಕಾಮೆಂಟ್ ಹಾಕಿದವರು, ನನ್ನ ಜೊತೆ ಓಟಿಯಲ್ಲಿ ನಿಲ್ಲುವ ಪಿಜಿ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಅವರ ಮಾತಲ್ಲೇ ಇಟ್ಟಿದ್ದೇನೆ. ಮೊದಲಿನವು ಎಲ್ಲರಿಗೂ. ಕೊನೆಯವು ವಿಷಯದ ಒಳಗೆ ಇಳಿಯಬೇಕು ಅನ್ನುವವರಿಗೆ. ನಿಮಗೆ ಬೇಕಾದ ಒಂದನ್ನೇ ಓದಿದರೂ ಸಾಕು.

## ಮೊದಲ ಪ್ರಶ್ನೆಗಳು

ಪಿತ್ತನಾಳ ಅಂದ್ರೆ ಏನು ಡಾಕ್ಟ್ರೇ? ಪಿತ್ತಕೋಶ ಬೇರೆ, ನಾಳ ಬೇರೆನಾ?

ಹೌದು, ಬೇರೆ. ಪಿತ್ತರಸ ತಯಾರಾಗುವುದು ಲಿವರಿನಲ್ಲಿ, ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು. ಲಿವರಿನ ಬಲಭಾಗದಿಂದ ಒಂದು ನಾಳ, ಎಡಭಾಗದಿಂದ ಇನ್ನೊಂದು ನಾಳ ಹೊರಗೆ ಬಂದು ಒಂದಾಗುತ್ತವೆ. ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿ ತುಂಗಭದ್ರೆ ಆಗುತ್ತದಲ್ಲ, ಹಾಗೆ. ಈ ಕೂಡಿದ ನಾಳವನ್ನು ಇಲ್ಲಿ ಮುಖ್ಯ ನಾಳ ಅನ್ನೋಣ. ಅದು ಕೆಳಗಿಳಿದು ಸಣ್ಣ ಕರುಳಿನ ಮೊದಲ ಭಾಗಕ್ಕೆ ಸೇರುತ್ತದೆ.

ಪಿತ್ತಕೋಶ ಈ ದಾರಿಯ ಪಕ್ಕಕ್ಕೆ ಇರುವ ಸಣ್ಣ ಚೀಲ. ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ. ರಸದಲ್ಲಿನ ನೀರು ಹೀರಿ, ಅದನ್ನು ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ಜಿಡ್ಡಿನ ಊಟ ಮಾಡಿದಾಗ ಹಿಂಡಿಕೊಂಡು ಹೊರಗೆ ಬಿಡುತ್ತದೆ. ಅದನ್ನು ಮುಖ್ಯ ನಾಳಕ್ಕೆ ಜೋಡಿಸುವ ಕಿರಿದಾದ ನಾಳಕ್ಕೆ ಸಿಸ್ಟಿಕ್ ಡಕ್ಟ್ ಎಂದು ಹೆಸರು, ಇಲ್ಲಿ ಪಿತ್ತಕೋಶದ ನಾಳ ಅನ್ನೋಣ. ಸಾಮಾನ್ಯವಾಗಿ 2ರಿಂದ 4 ಸೆಂಟಿಮೀಟರ್ ಉದ್ದ. ಪಿತ್ತಕೋಶ ತೆಗೆದರೂ ಮನುಷ್ಯ ಚೆನ್ನಾಗಿ ಬದುಕುತ್ತಾನೆ. ಮುಖ್ಯ ನಾಳಕ್ಕೆ ಪೆಟ್ಟಾದರೆ ಹಾಗಲ್ಲ. ಕೆಳಗಿನ ಎಷ್ಟೋ ಪ್ರಶ್ನೆಗಳು ಹುಟ್ಟುವುದು ಈ ಒಂದು ವ್ಯತ್ಯಾಸದಿಂದಲೇ.

ನಂಗೆ ಮೊದಲಿಂದ ಪಿತ್ತ ಜಾಸ್ತಿ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇಲ್ಲ. ನಾವು ಮನೆಯಲ್ಲಿ 'ಪಿತ್ತ ಆಗಿದೆ' ಅನ್ನುವುದು ಹುಳಿತೇಗು, ತಲೆಸುತ್ತು, ಬೆಳಗಿನ ವಾಕರಿಕೆಗೆ. ಅದರಲ್ಲಿ ಜಾಸ್ತಿ ಪಾಲು ಹೊಟ್ಟೆಯ ಆಮ್ಲದ ತೊಂದರೆ. ಪಿತ್ತನಾಳ ಹೇಗೆ ಕವಲೊಡೆದಿದೆ ಎಂಬುದಕ್ಕೂ ಅದಕ್ಕೂ ನಂಟಿಲ್ಲ.

ರಿಪೋರ್ಟಿನಲ್ಲಿ 'ವೇರಿಯಂಟ್ ಅನಾಟಮಿ' ಅಂತ ಬರೆದಿದ್ದಾರೆ. ರಾತ್ರಿ ನಿದ್ದೆ ಬಂದಿಲ್ಲ. ಇದು ಕಾಯಿಲೆನಾ?

ಕಾಯಿಲೆ ಅಲ್ಲ. ದಯವಿಟ್ಟು ನಿದ್ದೆ ಮಾಡಿ. ಲಿವರಿನ ಬುಡದಲ್ಲಿ ನಾಳಗಳು ಪುಸ್ತಕದ ಚಿತ್ರದ ಹಾಗೆ ಕೂಡುವುದು ನೂರರಲ್ಲಿ ಸುಮಾರು 60 ಜನರಲ್ಲಿ ಮಾತ್ರ. ಉಳಿದ 40 ಜನರಲ್ಲಿ ಏನೋ ಒಂದು ಬೇರೆ ಥರ ಇರುತ್ತದೆ. ಅವರು ಉಣ್ಣುತ್ತಾರೆ, ದುಡಿಯುತ್ತಾರೆ, ವಯಸ್ಸಾಗಿ ಹೋಗುತ್ತಾರೆ. ತಮ್ಮ ನಾಳ ಬೇರೆ ಥರ ಇತ್ತು ಅಂತ ಗೊತ್ತೇ ಆಗಿರುವುದಿಲ್ಲ. ರಸ ಕರುಳಿಗೆ ಇಳಿದರೆ ಸಾಕು, ಯಾವ ದಾರಿಯಲ್ಲಿ ಇಳಿಯಿತು ಅಂತ ದೇಹ ಕೇಳುವುದಿಲ್ಲ.

ಈ ವ್ಯತ್ಯಾಸ ಮುಖ್ಯವಾಗುವುದು ಯಾರಾದರೂ ಅಲ್ಲಿ ಕತ್ತರಿ ಹಿಡಿದಾಗ. ರೇಡಿಯಾಲಜಿಸ್ಟ್ ಅದನ್ನು ಬರೆದಿದ್ದಾರೆ ಅಂದರೆ ನಿಮ್ಮನ್ನು ಹೆದರಿಸಲು ಅಲ್ಲ, ನಿಮ್ಮ ಸರ್ಜನ್ನನ್ನು ಎಚ್ಚರಿಸಲು. ಆ ಹಾಳೆಯನ್ನು ಜೋಪಾನವಾಗಿಡಿ. ಮುಂದೆ ಯಾವಾಗ ಹೊಟ್ಟೆಯ ಆಪರೇಷನ್ ಆದರೂ ಮೊದಲೇ ತೋರಿಸಿ. ನಿಜವಾಗಿ ಗಮನ ಬೇಡುವ ಒಂದು ಬಗೆ ಇದೆ, ಅದನ್ನು ಕೊನೆಯ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಹುಟ್ಟಿನಿಂದ ಬಂದದ್ದಾ? ನನ್ನ ಮಕ್ಕಳಿಗೂ ಚೆಕ್ ಮಾಡಿಸಲಾ?

ಹುಟ್ಟಿಗೂ ಮುಂಚಿನದು. ಗರ್ಭದ ನಾಲ್ಕನೇ ವಾರದಲ್ಲಿ ಕರುಳಿನ ಮೊದಲ ರೂಪದಿಂದ ಒಂದು ಸಣ್ಣ ಮೊಗ್ಗು ಚಿಗುರುತ್ತದೆ. ಅದರ ದೊಡ್ಡ ಪಾಲು ಲಿವರ್ ಆಗುತ್ತದೆ, ಸಣ್ಣ ಪಾಲು ಪಿತ್ತಕೋಶ ಮತ್ತು ಅದರ ನಾಳ ಆಗುತ್ತದೆ. ಲಿವರ್ ಒಳಗಿನ ನಾಳಗಳು ರಕ್ತನಾಳಗಳ ಸುತ್ತ ಹೆಣೆದುಕೊಂಡು, ಬೇಡವಾದವು ಕರಗಿ, ಬೇಕಾದವು ಉಳಿಯುತ್ತವೆ. ಯಾವುದು ಉಳಿಯಿತು, ಎಲ್ಲಿ ಕೂಡಿತು ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಥರ. ಇದಕ್ಕಾಗಿ ಮಕ್ಕಳಿಗೆ ಸ್ಕ್ಯಾನ್ ಮಾಡಿಸುವ ಅಗತ್ಯ ಇಲ್ಲ.

ಎರಡೆರಡು ಪಿತ್ತಕೋಶ ಇರುತ್ತಂತೆ, ನಿಜಾನಾ?

ನಿಜ. ಸುಮಾರು 4000 ಜನರಲ್ಲಿ ಒಬ್ಬರಿಗೆ. ಪಿತ್ತಕೋಶವೇ ಇಲ್ಲದೆ ಹುಟ್ಟುವವರೂ ಇದ್ದಾರೆ, ತುಂಬಾ ಅಪರೂಪ. ಅವರಲ್ಲಿ ಕೆಲವರಿಗೆ ಅಲ್ಟ್ರಾಸೌಂಡ್‌ನಲ್ಲಿ 'ಮುದುಡಿದ ಪಿತ್ತಕೋಶ' ಅಂತ ಬಂದು, ಆಪರೇಷನ್ ಮಾಡಲು ಹೋದಾಗ ಅಲ್ಲಿ ಏನೂ ಇಲ್ಲ ಅಂತ ಗೊತ್ತಾಗುತ್ತದೆ. ಪಿತ್ತಕೋಶ ಸರಿಯಾಗಿ ಕಾಣದಿದ್ದರೆ ಇನ್ನೊಂದು ಸ್ಕ್ಯಾನ್ ಮಾಡಿಸಿಯೇ ಮುಂದೆ ಹೋಗಬೇಕು.

## ಎಷ್ಟು ಥರ, ಯಾವ ಥರ

ಬೇರೆ ಬೇರೆ ಥರ ಅಂತೀರಲ್ಲ, ನಮಗೆ ಅರ್ಥ ಆಗೋ ಹಾಗೆ ಹೇಳಿ.

ಎರಡು ಜಾಗ ನೆನಪಿಡಿ. ಮೇಲೆ, ಲಿವರಿನ ನಾಳಗಳು ಕೂಡುವ ಜಾಗ. ಕೆಳಗೆ, ಪಿತ್ತಕೋಶದ ನಾಳ ಬಂದು ಸೇರುವ ಜಾಗ.

ಕೆಳಗಿನದನ್ನು ಮೊದಲು ನೋಡೋಣ. ಪುಸ್ತಕದ ಪ್ರಕಾರ ಪಿತ್ತಕೋಶದ ನಾಳ ಬಲಗಡೆಯಿಂದ ಬಂದು, ಮುಖ್ಯ ನಾಳದ ನಡುಭಾಗಕ್ಕೆ ಓರೆಯಾಗಿ ಸೇರಬೇಕು. ಕೆಲವರಲ್ಲಿ ಅದು ಸೇರದೆ ಪಕ್ಕದಲ್ಲೇ ಇಳಿಯುತ್ತದೆ. ಒಂದು ಬದುವಿನ ಆಚೆ ಈಚೆ ಎರಡು ಕಾಲುವೆ ಜೊತೆಯಾಗಿ ಹರಿದ ಹಾಗೆ. ತುಂಬಾ ಕೆಳಗೆ ಹೋಗಿ, ಕರುಳಿನ ಹತ್ತಿರ ಸೇರುವುದು ನೂರರಲ್ಲಿ ಹತ್ತರ ಆಸುಪಾಸು. ಇನ್ನು ಕೆಲವರಲ್ಲಿ ಅದು ಮುಖ್ಯ ನಾಳದ ಹಿಂದಿನಿಂದಲೋ ಮುಂದಿನಿಂದಲೋ ಸುತ್ತಿ ಎಡಗಡೆಗೆ ಬಂದು ಸೇರುತ್ತದೆ. ಕೆಲವೊಮ್ಮೆ ಅರ್ಧ ಸೆಂಟಿಮೀಟರಿಗಿಂತ ಚಿಕ್ಕದಾಗಿ, ಪಿತ್ತಕೋಶ ಮುಖ್ಯ ನಾಳಕ್ಕೆ ಅಂಟಿಕೊಂಡ ಹಾಗೇ ಇರುತ್ತದೆ. ಸರ್ಜನ್ನಿಗೆ ಎದೆ ಡವಗುಟ್ಟಿಸುವುದು ಈ ಚಿಕ್ಕ ನಾಳವೇ. ನಾಳದ ಬಾಯಿ ಮುಚ್ಚುವ ಕ್ಲಿಪ್ ಹಾಕಲು ಜಾಗವೇ ಇರುವುದಿಲ್ಲ.

ಮೇಲಿನದು ಬಲಭಾಗದ ಕಥೆ. ಲಿವರಿನ ಬಲಭಾಗಕ್ಕೆ ಮುಂದಿನದೊಂದು, ಹಿಂದಿನದೊಂದು ಅಂತ ಎರಡು ಕವಲುನಾಳ. ಅವು ಮೊದಲು ತಾವಿಬ್ಬರೂ ಕೂಡಿ, ಆಮೇಲೆ ಎಡದ್ದನ್ನು ಸೇರಬೇಕು. ಎಷ್ಟೋ ಜನರಲ್ಲಿ ಹಾಗಾಗುವುದಿಲ್ಲ. ಮೂರೂ ಒಂದೇ ಜಾಗದಲ್ಲಿ ಕೂಡಬಹುದು, ಭಾಗಮಂಡಲದ ತ್ರಿವೇಣಿಯ ಹಾಗೆ. ಹಿಂದಿನ ಕವಲು ಎಡನಾಳಕ್ಕೆ ಹೋಗಬಹುದು. ಅಥವಾ ಒಂಟಿಯಾಗಿ ಕೆಳಗಿಳಿದು ಮುಖ್ಯ ನಾಳಕ್ಕೆ ಸೇರಬಹುದು. ಅಪರೂಪಕ್ಕೆ ನೇರವಾಗಿ ಪಿತ್ತಕೋಶದ ನಾಳಕ್ಕೇ ಬಂದು ಸೇರುತ್ತದೆ.

ಬಲಗಡೆ ಹಿಂದಿನ ನಾಳದ ಬಗ್ಗೆ ಯಾಕೆ ಅಷ್ಟೊಂದು ಎಚ್ಚರಿಕೆ ಹೇಳ್ತೀರಿ?

ಅದು ಕೆಳಗಿಳಿದು ಬಂದಾಗ ನೋಡಲು ಪಿತ್ತಕೋಶದ ನಾಳದ ಹಾಗೇ ಇರುತ್ತದೆ, ಅದಕ್ಕೆ. ಅದೇ ಜಾಗ, ಹೆಚ್ಚುಕಮ್ಮಿ ಅದೇ ದಪ್ಪ. ಪಿತ್ತಕೋಶದ ಕತ್ತಿನ ಹತ್ತಿರ ಹಾದುಹೋಗುತ್ತದೆ. ಅದನ್ನೇ ಪಿತ್ತಕೋಶದ ನಾಳ ಅಂದುಕೊಂಡು ಕ್ಲಿಪ್ ಹಾಕಿದರೆ, ಲಿವರಿನ ಬಲ ಹಿಂಭಾಗದ ರಸಕ್ಕೆ ದಾರಿ ಮುಚ್ಚಿಹೋಗುತ್ತದೆ.

ಮೋಸ ಇರುವುದು ಇಲ್ಲಿ: ರೋಗಿಗೆ ಕಾಮಾಲೆ ಬರುವುದಿಲ್ಲ. ಲಿವರಿನ ಉಳಿದ ಭಾಗ ಕೆಲಸ ಮಾಡುತ್ತಿರುತ್ತದೆ, ಹಾಗಾಗಿ ರಕ್ತದಲ್ಲಿ ಕಾಮಾಲೆಯ ಹಳದಿ ಅಂಶ, ಅಂದರೆ ಬಿಲಿರುಬಿನ್, ನಾರ್ಮಲ್ ಇರುತ್ತದೆ. ರಕ್ತಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಲಿವರ್ ಕಿಣ್ವ ಒಂದು ಮಾತ್ರ ಏರಿರಬಹುದು. ಕೆಲವರಲ್ಲಿ ಆ ಭಾಗ ಸದ್ದಿಲ್ಲದೆ ಕುಗ್ಗಿ, ಉಳಿದ ಲಿವರ್ ಬೆಳೆದು ಸರಿದೂಗಿಸುತ್ತದೆ. ಇನ್ನು ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಚಳಿಜ್ವರ ಶುರುವಾಗುತ್ತದೆ. ಬೇರೆಡೆ ಆಪರೇಷನ್ ಆಗಿದ್ದ ಒಬ್ಬ ತಾಯಿ ಹೀಗೆ ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಮಲೇರಿಯಾ, ಟೈಫಾಯ್ಡ್ ಅಂತೆಲ್ಲ ಔಷಧಿ ತಗೊಂಡು ದಣಿದು ನಮ್ಮಲ್ಲಿಗೆ ಬಂದಿದ್ದರು. ಅವರ ಮುಖ ನನಗೆ ಇನ್ನೂ ನೆನಪಿದೆ. ಪಿತ್ತಕೋಶ ತೆಗೆಸಿಕೊಂಡವರಿಗೆ ಕಾರಣ ಗೊತ್ತಾಗದ ಜ್ವರ ಮರುಕಳಿಸಿದರೆ, ಆ ಹಳೆಯ ಆಪರೇಷನ್ ವಿಷಯವನ್ನು ಡಾಕ್ಟರಿಗೆ ಹೇಳಲೇಬೇಕು.

ಲುಷ್ಕಾ ನಾಳ ಅಂದ್ರೆ ಏನು? ಅದನ್ನ ಮುಂಚೆನೇ ನೋಡೋಕಾಗಲ್ವಾ?

ಪಿತ್ತಕೋಶ ಲಿವರಿಗೆ ಅಂಟಿಕೊಂಡಿರುವ ಜಾಗದಲ್ಲಿ, ಮೇಲ್ಮೈಯಲ್ಲೇ ಹಾದುಹೋಗುವ ಸಣ್ಣ ನಾಳಗಳು ಕೆಲವರಲ್ಲಿ ಇರುತ್ತವೆ. 1863ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನ ಅಂಗರಚನಾ ತಜ್ಞ ಹ್ಯೂಬರ್ಟ್ ಫಾನ್ ಲುಷ್ಕಾ ಇವನ್ನು ವಿವರಿಸಿದರು. ದಪ್ಪ ಒಂದೆರಡು ಮಿಲಿಮೀಟರ್. ಅಷ್ಟು ಸಣ್ಣದು ಮುಂಚಿನ ಸ್ಕ್ಯಾನ್‌ನಲ್ಲಿ ಸಿಗುವುದು ಕಷ್ಟ. ಪಿತ್ತಕೋಶ ಬಿಡಿಸುವಾಗ ಕತ್ತರಿಸಿಹೋದರೆ ಪಿತ್ತರಸ ಹೊಟ್ಟೆಯೊಳಗೆ ಸೋರುತ್ತದೆ. ಪಿತ್ತಕೋಶವನ್ನು ಅದರ ಗೋಡೆಗೆ ಹತ್ತಿರವಾಗಿಯೇ ಬಿಡಿಸಬೇಕು, ಲಿವರಿನೊಳಗೆ ಇಳಿಯಬಾರದು. ಸರ್ಜನ್ ಮಾಡಬಹುದಾದ ದೊಡ್ಡ ಕೆಲಸ ಅದೇ. ಸೋರಿದರೂ ಬಹಳಷ್ಟು ಸಲ ಮುಖ್ಯ ನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದರೆ ವಾಸಿಯಾಗುತ್ತದೆ.

## ಆಪರೇಷನ್‌ಗೆ ಮುಂಚೆ

ಅಲ್ಟ್ರಾಸೌಂಡ್ ಸಾಕಾ, ಎಲ್ಲರೂ ಎಂಆರ್‌ಸಿಪಿ ಮಾಡಿಸಬೇಕಾ?

ಕಲ್ಲು ಇದೆಯಾ, ಪಿತ್ತಕೋಶದ ಗೋಡೆ ಊದಿದೆಯಾ, ಮುಖ್ಯ ನಾಳ ಹಿಗ್ಗಿದೆಯಾ ಎಂಬುದಕ್ಕೆ ಅಲ್ಟ್ರಾಸೌಂಡ್ ಒಳ್ಳೆಯದು. ನಾಳಗಳು ಎಲ್ಲಿ ಹೇಗೆ ಕೂಡಿವೆ ಅಂತ ಅದು ಸರಿಯಾಗಿ ತೋರಿಸುವುದಿಲ್ಲ. ಎಂಆರ್‌ಸಿಪಿ ತೋರಿಸುತ್ತದೆ. ಅದು ನಾಳದೊಳಗೆ ನಿಂತ ರಸವನ್ನೇ ಬೆಳ್ಳಗೆ ಹೊಳೆಯುವಂತೆ ಮಾಡುವ ಎಂಆರ್‌ಐ. ಎಕ್ಸ್‌ರೇ ಕಿರಣ ಇಲ್ಲ, ಸಾಮಾನ್ಯವಾಗಿ ಇಂಜೆಕ್ಷನ್ನೂ ಬೇಡ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು.

ಹಾಗಂತ ಎಲ್ಲರಿಗೂ ಬೇಡ. ಎಲ್‌ಎಫ್‌ಟಿ (ಲಿವರಿನ ರಕ್ತಪರೀಕ್ಷೆ) ಏರಿದ್ದರೆ, ಕಾಮಾಲೆ ಬಂದು ಹೋಗಿದ್ದರೆ, ಮುಖ್ಯ ನಾಳ ಹಿಗ್ಗಿದ್ದರೆ, ಅಲ್ಲಿ ಕಲ್ಲು ಜಾರಿದೆ ಎಂಬ ಅನುಮಾನ ಇದ್ದರೆ, ಹಳೆಯ ಸ್ಕ್ಯಾನ್‌ನಲ್ಲಿ ಏನೋ ವಿಚಿತ್ರ ಕಂಡಿದ್ದರೆ ಬೇಕು. ಇದ್ಯಾವುದೂ ಇಲ್ಲದವರು ಎಂಆರ್‌ಸಿಪಿ ಇಲ್ಲದೆಯೂ ಸುರಕ್ಷಿತವಾಗಿ ಆಪರೇಷನ್ ಮಾಡಿಸಿಕೊಳ್ಳಬಹುದು. ದುಡ್ಡು ಹೊಂದಿಸಲಾಗದೆ ಎಂಆರ್‌ಸಿಪಿ ಬಿಟ್ಟೆವು ಅಂತ ಕೊರಗುವ ಮನೆಯವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಸರ್ಜನ್ ಹತ್ರ ಏನು ಕೇಳಲಿ? ಕೇಳಿದ್ರೆ ಬೇಜಾರು ಮಾಡ್ಕೊಳ್ತಾರಾ?

ಒಂದೇ ಪ್ರಶ್ನೆ ಕೇಳಿ: 'ಒಳಗೆ ಸ್ಪಷ್ಟವಾಗಿ ಕಾಣದಿದ್ದರೆ ನೀವು ಏನು ಮಾಡ್ತೀರಿ?' ಒಳ್ಳೆಯ ಸರ್ಜನ್ ಇದನ್ನು ಮೊದಲೇ ಯೋಚಿಸಿಟ್ಟಿರುತ್ತಾರೆ. ನಿಲ್ಲಿಸಿ ಇನ್ನೊಬ್ಬರನ್ನು ಕರೆಯುತ್ತೇನೆ, ನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇ ತೆಗೆಯುತ್ತೇನೆ, ಪಿತ್ತಕೋಶದ ಒಂದು ಭಾಗ ಬಿಟ್ಟು ಬರುತ್ತೇನೆ, ಹೊಟ್ಟೆ ತೆರೆಯುತ್ತೇನೆ. ಇದರಲ್ಲಿ ಯಾವ ಉತ್ತರ ಬಂದರೂ ನನಗೆ ಸಮಾಧಾನ. 'ಹಾಗೆಲ್ಲ ಆಗಲ್ಲ, ಯೋಚನೆ ಮಾಡ್ಬೇಡಿ' ಅನ್ನುವುದು ಉತ್ತರ ಅಲ್ಲ. ಬೇಜಾರು ಮಾಡ್ಕೊಳ್ತಾರೆ ಅಂತ ಸುಮ್ನೆ ಇರಬೇಡಿ.

## ಓಟಿಯ ಒಳಗೆ

ಪರದೆ ಮೇಲೆ ಅಷ್ಟು ದೊಡ್ಡದಾಗಿ ಕಾಣುತ್ತಲ್ಲ, ಆದರೂ ತಪ್ಪು ನಾಳ ಹೇಗೆ ಕಟ್ ಆಗುತ್ತೆ?

ಪಿತ್ತಕೋಶವನ್ನೇ ತೆಗೆಯುವ ಮೊದಲ ಆಪರೇಷನ್ ಆದದ್ದು 1882ರಲ್ಲಿ ಬರ್ಲಿನ್‌ನಲ್ಲಿ, ಕಾರ್ಲ್ ಲಾಂಗೆನ್‌ಬುಕ್ ಕೈಯಲ್ಲಿ. ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ ಮಾಡುವ ಕೀಹೋಲ್ ದಾರಿಯಲ್ಲಿ ಮೊದಲು ಮಾಡಿದವರು ಎರಿಶ್ ಮ್ಯೂಹೆ, 1985ರಲ್ಲಿ, ಜರ್ಮನಿಯಲ್ಲೇ. ನಮ್ಮ ದೇಶದಲ್ಲಿ 1990ರಲ್ಲಿ ಮುಂಬೈಯಲ್ಲಿ ಡಾ. ತೆಹೆಮ್ಟನ್ ಉಡ್ವಾಡಿಯಾ ಶುರು ಮಾಡಿದರು. ನೋವು ಕಮ್ಮಿ, ಬೇಗ ಮನೆಗೆ ಹೋಗಬಹುದು. ಆದರೆ ನಾಳಕ್ಕೆ ಪೆಟ್ಟಾಗುವುದು ಜಾಸ್ತಿಯಾಯಿತು. ತೆರೆದ ಆಪರೇಷನ್‌ನಲ್ಲಿ ಸಾವಿರಕ್ಕೆ ಒಂದೆರಡು ಅಂತಿದ್ದದ್ದು ಕೀಹೋಲ್ ಬಂದ ಹೊಸತರಲ್ಲಿ ಮೂರರಿಂದ ಐದಕ್ಕೆ ಹೋಯಿತು.

ಯಾಕೆ? ಅಮೆರಿಕದ ಲಾರೆನ್ಸ್ ವೇ ಮತ್ತು ಜೊತೆಗಾರರು ಇಂಥ 252 ಪ್ರಕರಣಗಳನ್ನು ಕೂಲಂಕಷವಾಗಿ ನೋಡಿ 2003ರಲ್ಲಿ ಬರೆದರು: ನೂರಕ್ಕೆ 97ರಲ್ಲಿ ಮೂಲ ಕಾರಣ ಕಣ್ಣಿನ ಭ್ರಮೆ. ಕೈ ನಡುಗಿದ್ದಲ್ಲ, ವಿದ್ಯೆ ಕಮ್ಮಿ ಆದದ್ದಲ್ಲ. ಪಿತ್ತಕೋಶವನ್ನು ಬಲವಾಗಿ ಮೇಲಕ್ಕೆ ಎಳೆದಾಗ ಮುಖ್ಯ ನಾಳವೂ ಜೊತೆಗೆ ಎದ್ದು, ಪಿತ್ತಕೋಶದ ನಾಳದ ನೇರಕ್ಕೆ ಬಂದುಬಿಡುತ್ತದೆ. ಎರಡೂ ಸೇರಿ ಒಂದೇ ನಾಳದ ಹಾಗೆ ಕಾಣುತ್ತದೆ. ಪಿತ್ತಕೋಶದ ನಾಳ ತುಂಬಾ ಚಿಕ್ಕದಾಗಿದ್ದರೆ, ಅಥವಾ ಮುಖ್ಯ ನಾಳಕ್ಕೆ ಅಂಟಿ ಜೊತೆಗೇ ಇಳಿದಿದ್ದರೆ, ಈ ಭ್ರಮೆ ಇನ್ನೂ ಗಟ್ಟಿ. ಸರ್ಜನ್ನಿಗೆ ತಾನು ಸರಿಯಾದದ್ದನ್ನೇ ನೋಡುತ್ತಿದ್ದೇನೆ ಎಂಬ ಪೂರ್ತಿ ನಂಬಿಕೆ ಇರುತ್ತದೆ. ಅದೇ ಅಪಾಯ. ಪರದೆ ಎಷ್ಟು ದೊಡ್ಡದಾದರೂ ಭ್ರಮೆಯೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ಅಲ್ವಾ?

ಮೇಡಂ, 'ಕ್ರಿಟಿಕಲ್ ವ್ಯೂ' ಅನ್ನೋದನ್ನ ಪರೀಕ್ಷೆಗಲ್ಲ, ಓಟಿಗೆ ಬೇಕಾದ ಹಾಗೆ ಹೇಳಿ.

ಸ್ಟೀವನ್ ಸ್ಟ್ರಾಸ್‌ಬರ್ಗ್ ಎಂಬ ಸರ್ಜನ್ 1995ರಲ್ಲಿ ಈ ಹೆಸರು ಕೊಟ್ಟರು. ಏನನ್ನಾದರೂ ಕತ್ತರಿಸುವ ಮುಂಚೆ ಸಿಗಲೇಬೇಕಾದ ನೋಟ ಇದು. ಮೂರು ಷರತ್ತು, ಮೂರೂ ಪೂರೈಸಬೇಕು. ಪಿತ್ತಕೋಶದ ನಾಳ, ಮುಖ್ಯ ನಾಳ, ಲಿವರಿನ ಅಂಚು, ಈ ಮೂರರ ನಡುವಿನ ತ್ರಿಕೋನದಲ್ಲಿ ಕೊಬ್ಬು, ನಾರು ಏನೂ ಉಳಿದಿರಬಾರದು. ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಲಿವರಿನಿಂದ ಬಿಟ್ಟಿರಬೇಕು. ಪಿತ್ತಕೋಶದೊಳಗೆ ಹೋಗುತ್ತಿರುವುದು ಎರಡೇ ಎರಡು ಎಂದು ಕಣ್ಣಿಗೆ ಕಾಣಬೇಕು: ಒಂದು ನಾಳ, ಒಂದು ರಕ್ತನಾಳ.

ಎರಡನೇ ಷರತ್ತನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಒಂದು ಸಣ್ಣ ಕಿಂಡಿ ಮಾಡಿ 'ಕ್ರಿಟಿಕಲ್ ವ್ಯೂ ಸಿಕ್ತು' ಅಂತಾರೆ. ಸಿಕ್ಕಿಲ್ಲ. ಕೆಳಗಿಳಿದ ಬಲ ಹಿಂದಿನ ನಾಳ ಅಡಗಿರುವುದು ಆ ಬಿಡಿಸದ ಭಾಗದ ಹಿಂದೆಯೇ. ಪಿತ್ತಕೋಶದ ತುದಿಯನ್ನು ಮೇಲಕ್ಕೆ ಹಿಡಿಯಿರಿ, ಕತ್ತನ್ನು ಬಲಕ್ಕೆ, ಹೊರಕ್ಕೆ ಎಳೆಯಿರಿ. ಆಗ ಎರಡು ನಾಳಗಳ ನಡುವಿನ ಕೋನ ತೆರೆದುಕೊಳ್ಳುತ್ತದೆ. ಶುರು ಮಾಡುವ ಮುಂಚೆ ಲಿವರಿನ ಕೆಳಮೈಯಲ್ಲಿ ರೂವಿಯೇರ್ ಸೀಳು ಹುಡುಕಿ, ಅದರ ಗೆರೆಗಿಂತ ಮೇಲ್ಗಡೆಯೇ ಕೆಲಸ ಮಾಡಿ, ಕೆಳಗಿಳಿಯಬೇಡಿ. ಮೂರನೆಯದೊಂದು ನಾಳದ ಹಾಗೆ ಏನಾದರೂ ಕಂಡರೆ ಕತ್ತರಿ ಕೆಳಗಿಡಿ.

ಹಸಿರು ಬಣ್ಣದ ಇಂಜೆಕ್ಷನ್ ಕೊಟ್ಟು ನಾಳ ಹೊಳೆಯೋ ಹಾಗೆ ಮಾಡ್ತಾರಂತೆ. ಅದಿದ್ರೆ ಭಯ ಇಲ್ವಾ?

ಇಂಡೋಸಯನಿನ್ ಗ್ರೀನ್ ಎಂಬ ಬಣ್ಣ ಅದು. ರಕ್ತನಾಳಕ್ಕೆ ಕೊಟ್ಟರೆ ಲಿವರ್ ಅದನ್ನು ಹೀರಿ ಪಿತ್ತರಸದಲ್ಲಿ ಬಿಡುತ್ತದೆ. ವಿಶೇಷ ಕ್ಯಾಮೆರಾದಲ್ಲಿ ನಾಳಗಳು ಹೊಳೆಯುತ್ತವೆ. ಕತ್ತರಿ ಹಾಕುವ ಮುಂಚೆಯೇ ನಕ್ಷೆ ಸಿಗುತ್ತದೆ, ನನಗೆ ಇದು ತುಂಬಾ ಇಷ್ಟ. ಆದರೆ ಬೆಳಕು ಆಳಕ್ಕೆ ಇಳಿಯುವುದಿಲ್ಲ. ಉರಿಯೂತದಿಂದ ದಪ್ಪಗಾದ ಕೊಬ್ಬಿನ ಹಿಂದೆ ಏನಿದೆ ಅಂತ ಅದಕ್ಕೂ ಕಾಣುವುದಿಲ್ಲ. ಹೆಚ್ಚು ಬೇಕಾಗುವುದೂ ಅಂಥ ಕಷ್ಟದ ಕೇಸಿನಲ್ಲೇ. ಅಯೋಡಿನ್ ಅಲರ್ಜಿ ಇದ್ದವರು ಮೊದಲೇ ಹೇಳಬೇಕು.

ಹಳೆಯ ದಾರಿ ನಾಳದೊಳಗೇ ಡೈ ಬಿಟ್ಟು ಎಕ್ಸ್‌ರೇ ತೆಗೆಯುವುದು. ಅರ್ಜೆಂಟೀನಾದ ಪಾಬ್ಲೊ ಮಿರಿಟ್ಸಿ 1931ರಲ್ಲಿ ತೋರಿಸಿಕೊಟ್ಟದ್ದು. ಲಿವರಿನ ಒಳಗಿನ ಕವಲುಗಳನ್ನೂ ಅದು ತೋರಿಸುತ್ತದೆ. ಇಂದಿಗೂ ಬೆಲೆಯುಳ್ಳದ್ದು.

ಕೀಹೋಲ್ ಅಂತ ಹೇಳಿ ಕೊನೆಗೆ ಹೊಟ್ಟೆ ಕೊಯ್ದರು. ಡಾಕ್ಟರಿಗೆ ಬರಲಿಲ್ಲ ಅಂತಲ್ವಾ?

ಅಲ್ಲ. ಬಹುಶಃ ನಿಮ್ಮ ನಾಳವನ್ನು ಕಾಪಾಡಿದರು. ಕಾಣದ ಜಾಗದಲ್ಲಿ ಮುಂದೆ ಹೋಗದಿರುವುದು ಸರ್ಜನ್ನಿನ ಅತಿ ಕಷ್ಟದ ನಿರ್ಧಾರ. ಕೆಲವೊಮ್ಮೆ ಕತ್ತಿನ ಭಾಗ ಬಿಟ್ಟು, ಕಲ್ಲು ತೆಗೆದು, ಉಳಿದ ಪಿತ್ತಕೋಶವನ್ನಷ್ಟೇ ತೆಗೆದು ಬರುತ್ತಾರೆ. ಅದೂ ಸರಿಯಾದ ದಾರಿಯೇ. ಹಾಗೆ ಮಾಡಿದ್ದರೆ ಡಿಸ್ಚಾರ್ಜ್ ಸಮರಿಯಲ್ಲಿ ಬರೆಸಿಕೊಳ್ಳಿ.

## ಆಪರೇಷನ್ ಆದ ಮೇಲೆ

ನಾಲ್ಕು ದಿನ ಆಯ್ತು, ಹೊಟ್ಟೆ ಉಬ್ಬಿ ನೋವು ಜಾಸ್ತಿ ಆಗ್ತಿದೆ. ಗ್ಯಾಸ್ ಅಂತಾರೆ. ಕಾಯೋದಾ?

ಕಾಯಬೇಡಿ. ಕೀಹೋಲ್ ಆದ ಮೇಲೆ ದಿನದಿಂದ ದಿನಕ್ಕೆ ಆರಾಮ ಆಗಬೇಕು. ಮೊದಲ ಒಂದೆರಡು ದಿನ ಭುಜ ನೋಯುವುದು ಸಹಜ, ಆಪರೇಷನ್‌ನಲ್ಲಿ ತುಂಬಿದ ಗಾಳಿಯಿಂದ. ಆದರೆ ಕಮ್ಮಿ ಆಗುತ್ತಿದ್ದ ನೋವು ಮತ್ತೆ ಏರಿದರೆ, ಜ್ವರ, ವಾಂತಿ, ಹೊಟ್ಟೆ ಉಬ್ಬರ, ಕಣ್ಣು ಹಳದಿ, ಇವುಗಳಲ್ಲಿ ಯಾವುದು ಬಂದರೂ ಆಪರೇಷನ್ ಮಾಡಿದ ಕಡೆಗೆ ಅದೇ ದಿನ ಹೋಗಿ. ಪಿತ್ತರಸ ಸೋರುತ್ತಿರಬಹುದು. ರಕ್ತಪರೀಕ್ಷೆ, ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ. ಬೇಗ ಹಿಡಿದರೆ ಡ್ರೈನ್ (ಸೋರಿದ ರಸವನ್ನು ಹೊರಗೆ ಬಸಿಯುವ ಕೊಳವೆ), ಸ್ಟೆಂಟ್‌ನಲ್ಲಿ ಮುಗಿಯುವ ಕೆಲಸ. ತಡವಾದರೆ ಹೊಟ್ಟೆಯೆಲ್ಲ ಸೋಂಕು.

ಆಪರೇಷನ್ ನಂತರ ಬಂದ ಕಾಮಾಲೆಗೆ ನಾಟಿ ಮದ್ದು ಕುಡಿಯುತ್ತಾ ಕೂರಬೇಡಿ. ಇದು ನಾಳದ ದಾರಿಯ ತೊಂದರೆ, ಯಾವ ಸೊಪ್ಪಿನ ರಸವೂ ಕ್ಲಿಪ್ ತೆಗೆಯುವುದಿಲ್ಲ.

ಇಆರ್‌ಸಿಪಿ ನಾರ್ಮಲ್ ಅಂದ್ರು. ಆದ್ರೂ ಡ್ರೈನ್‌ನಲ್ಲಿ ಪಿತ್ತ ಬರೋದು ನಿಂತಿಲ್ಲ. ಇದು ಹೇಗೆ?

ಬಲ ಹಿಂದಿನ ನಾಳ ಪೂರ್ತಿ ಕತ್ತರಿಸಿಹೋಗಿದ್ದರೆ ಹೀಗಾಗುತ್ತದೆ. ಇಆರ್‌ಸಿಪಿಯಲ್ಲಿ ಬಾಯಿಂದ ಕರುಳಿಗೆ ಕ್ಯಾಮೆರಾ ಕೊಳವೆ ಇಳಿಸುತ್ತಾರೆ, ಕರುಳಿನ ಕಡೆಯಿಂದ ಡೈ ಮೇಲಕ್ಕೆ ಹೋಗುತ್ತದೆ. ಬೇರ್ಪಟ್ಟ ನಾಳಕ್ಕೆ ಅದು ತಲುಪುವುದೇ ಇಲ್ಲ. ಉಳಿದ ನಾಳಗಳು ಅಂದವಾಗಿ ತುಂಬಿಕೊಂಡು ಚಿತ್ರ 'ನಾರ್ಮಲ್' ಆಗಿ ಕಾಣುತ್ತದೆ. ಇರಬೇಕಾದ ಒಂದು ಕವಲು ಇಲ್ಲ ಎಂಬುದು ಲೆಕ್ಕ ಹಾಕಿದವರಿಗೆ ಮಾತ್ರ ಕಾಣುತ್ತದೆ. ಲಿವರನ್ನು ಎಂಟು ಭಾಗವಾಗಿ ಎಣಿಸುವುದನ್ನು ಫ್ರಾನ್ಸಿನ ಕ್ಲೋಡ್ ಕುಯಿನೋ ಕಲಿಸಿದರು. ಬಲ ಹಿಂಭಾಗ ಅಂದರೆ ಅದರಲ್ಲಿ 6 ಮತ್ತು 7. ಆ ಎರಡರ ನಾಳ ತುಂಬಿದೆಯಾ ಅಂತ ಕೇಳಿ. ಎಂಆರ್‌ಸಿಪಿ ಮಾಡಿಸಿ, ಅಥವಾ ಡ್ರೈನ್ ಮೂಲಕವೇ ಡೈ ಬಿಟ್ಟು ನೋಡಿ. ನಾಳವನ್ನು ಕರುಳಿಗೆ ಜೋಡಿಸುವ ಆಪರೇಷನ್ ಬೇಕಾಗಬಹುದು. ಅದನ್ನು ಆಗಾಗ ಮಾಡುವ ತಂಡದ ಕೈಯಲ್ಲೇ ಮಾಡಿಸಿ. ಮೊದಲ ರಿಪೇರಿ ಸರಿಯಾಗಿ ಆಗುವುದು ಬಹಳ ಮುಖ್ಯ.

ಪಿತ್ತಕೋಶ ತೆಗೆದು ಎರಡು ವರ್ಷ. ಮತ್ತೆ ಅದೇ ನೋವು. ಕಲ್ಲು ಮತ್ತೆ ಹುಟ್ಟುತ್ತಾ?

ಮುಖ್ಯ ನಾಳದಲ್ಲಿ ಕಲ್ಲು ಇರಬಹುದು. ಇನ್ನೊಂದು ಸಾಧ್ಯತೆ, ಪಿತ್ತಕೋಶದ ನಾಳ ಉದ್ದವಾಗಿ ಮುಖ್ಯ ನಾಳದ ಜೊತೆಗೇ ಇಳಿದಿದ್ದವರಲ್ಲಿ ಸರ್ಜನ್ ಬೇಕೆಂದೇ ಉದ್ದ ತುಂಡು ಬಿಟ್ಟಿರುತ್ತಾರೆ. ಅದನ್ನು ಬಿಡಿಸಲು ಹೋದರೆ ಮುಖ್ಯ ನಾಳಕ್ಕೇ ಪೆಟ್ಟಾಗಬಹುದು. ಆ ತುಂಡಿನಲ್ಲಿ ಕೆಲವೊಮ್ಮೆ ಕಲ್ಲು ಕೂರುತ್ತದೆ. ಎಂಆರ್‌ಸಿಪಿಯಲ್ಲಿ ಕಾಣುತ್ತದೆ. ಆದರೆ ಮೊದಲು ಅಸಿಡಿಟಿ, ಹೃದಯ ಎರಡನ್ನೂ ಪರೀಕ್ಷಿಸಿಕೊಳ್ಳಿ.

## ಇನ್ನೂ ಆಳಕ್ಕೆ

ಅಣ್ಣನಿಗೆ ಲಿವರ್ ಕೊಡಬೇಕು ಅಂತಿದ್ದೀನಿ. ನಿನ್ನ ನಾಳ ಬೇರೆ ಥರ ಇದೆ ಅಂದ್ರು. ಕೊಡೋಕಾಗಲ್ವಾ?

ಬಹಳಷ್ಟು ಸಲ ಆಗುತ್ತದೆ. ನಮ್ಮ ದೇಶದಲ್ಲಿ ಲಿವರ್ ಕಸಿಯ ಬಹುಪಾಲು ನಿಮ್ಮಂಥ ಬದುಕಿರುವ ದಾನಿಗಳಿಂದಲೇ. ದೊಡ್ಡವರಿಗೆ ಸಾಮಾನ್ಯವಾಗಿ ಬಲಭಾಗ ಕೊಡುತ್ತಾರೆ. ನಿಮ್ಮ ಬಲದ ಎರಡು ಕವಲು ಕೂಡದೆ ಬೇರೆ ಬೇರೆ ಹೋಗಿದ್ದರೆ, ತೆಗೆದ ಭಾಗದಲ್ಲಿ ನಾಳಕ್ಕೆ ಒಂದರ ಬದಲು ಎರಡು ಬಾಯಿ ಇರುತ್ತದೆ. ಅಣ್ಣನಿಗೆ ಎರಡನ್ನೂ ಜೋಡಿಸಬೇಕು. ಕೆಲಸ ಹೆಚ್ಚು, ಸೋರುವ ಅಥವಾ ಕಿರಿದಾಗುವ ಸಂಭವವೂ ಹೆಚ್ಚು, ಆದರೆ ಮಾಡುತ್ತಾರೆ. ಹಿಂದಿನ ಕವಲು ಎಡನಾಳಕ್ಕೆ ಸೇರಿದ್ದರೆ ನಿಮ್ಮಲ್ಲಿ ಉಳಿಯುವ ಎಡಭಾಗದ ನಾಳಕ್ಕೆ ಪೆಟ್ಟಾಗದಂತೆ ಕತ್ತರಿಸಬೇಕು. ತಂಡ ಬೇಡ ಅಂದರೆ ನಿಮ್ಮ ಪ್ರಾಣದ ಲೆಕ್ಕ ಹಾಕಿಯೇ ಅಂದಿರುತ್ತಾರೆ. ಅಣ್ಣನಿಗೆ ದ್ರೋಹ ಮಾಡಿದೆ ಅಂತ ಅಂದುಕೊಳ್ಳಬೇಡಿ.

ಪಿತ್ತನಾಳ, ಮೇದೋಜೀರಕ ನಾಳ ಮೇಲೆಯೇ ಸೇರಿವೆ ಅಂತ ಬಂದಿದೆ. ಇದೂ ಸುಮ್ನೆ ವ್ಯತ್ಯಾಸಾನಾ?

ಇಲ್ಲ, ಇದೇ ನಾನು ಹೇಳಿದ ಆ ಬೇರೆ ಬಗೆ. ಈ ಎರಡು ನಾಳಗಳು ಕರುಳಿನ ಗೋಡೆಯಲ್ಲಿ, ಒಂದು ಸ್ನಾಯುವಿನ ಬಿಗಿಯೊಳಗೆ ಕೂಡಬೇಕು. ಅದಕ್ಕಿಂತ ಮೇಲೆಯೇ ಕೂಡಿ ಜಂಟಿ ನಾಳ ಉದ್ದವಾಗಿದ್ದರೆ (ಸಾಮಾನ್ಯವಾಗಿ 15 ಮಿಲಿಮೀಟರಿಗಿಂತ ಹೆಚ್ಚು) ಮೇದೋಜೀರಕದ ರಸ ಪಿತ್ತನಾಳದೊಳಗೆ ಹಿಮ್ಮುಖವಾಗಿ ಹರಿಯುತ್ತದೆ. ವರ್ಷಗಟ್ಟಲೆ ಅದು ಒಳಪದರವನ್ನು ಸುಡುತ್ತದೆ. ಕೆಲವರಲ್ಲಿ ಪಿತ್ತನಾಳ ಚೀಲದ ಹಾಗೆ ಹಿಗ್ಗಿರುತ್ತದೆ, ಕೆಲವರಲ್ಲಿ ಹಿಗ್ಗಿರುವುದಿಲ್ಲ. ಹಿಗ್ಗಿಲ್ಲದವರಲ್ಲಿ ಪಿತ್ತಕೋಶದ ಕ್ಯಾನ್ಸರ್ ಭಯ ವಿಶೇಷವಾಗಿ ಹೆಚ್ಚು. ಅದಕ್ಕೇ ಕಲ್ಲು ಇಲ್ಲದಿದ್ದರೂ, ನೋವು ಇಲ್ಲದಿದ್ದರೂ ಅವರಿಗೆ ಪಿತ್ತಕೋಶ ತೆಗೆಸಿಕೊಳ್ಳಿ ಅಂತ ಹೇಳುತ್ತೇವೆ. ಹಿಗ್ಗಿದವರಿಗೆ ಹಿಗ್ಗಿದ ನಾಳವನ್ನೂ ತೆಗೆದು, ಉಳಿದ ನಾಳವನ್ನು ಕರುಳಿಗೆ ಜೋಡಿಸಬೇಕಾಗುತ್ತದೆ. ಈ ರಿಪೋರ್ಟ್ ಕೈಯಲ್ಲಿದ್ದರೆ ಈ ತಿಂಗಳೇ ಗ್ಯಾಸ್ಟ್ರೋ ಸರ್ಜನ್ ಒಬ್ಬರನ್ನು ಕಾಣಿ. ಸ್ಕ್ಯಾನ್‌ನ ಹಾಳೆ ಮಾತ್ರ ಅಲ್ಲ, ಸಿಡಿಯನ್ನೂ ತಗೊಂಡು ಹೋಗಿ. ಜಂಟಿ ನಾಳದ ಉದ್ದವನ್ನು ಅವರು ಸ್ವತಃ ಅಳೆದು ನೋಡಬೇಕಾಗುತ್ತದೆ.